ಎರಡನೇ ಗೇರಿನಲ್ಲಿ ಸಾಂತಾಕ್ರೂಜ್‌ಗೆ

ಹುಬ್ಬಳ್ಳಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಸೀರೆ, ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಗೇರು ಚಕ್ರ ಇದ್ದವು. ಚಕ್ರವನ್ನು ಮೂರು ದಿನ ಗುಜರಿ ಅಂಗಡಿಗಳನ್ನು ಸುತ್ತಿ ಹುಡುಕಿದ್ದೆ. ಸಯನ್‌ನಲ್ಲಿರುವ ನನ್ನ ಭಾವನ ಹಳೆಯ ಕಾರಿನ ಎರಡನೇ ಗೇರಿಗೆ ಅದು ಬೇಕಾಗಿತ್ತು, ಮುಂಬೈಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ, ಅದು ಹೊಂದದೇ ಹೋಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಹೊಂದದಿದ್ದರೆ ಕಾರು ಗುಜರಿಗೆ ಹೋಗುತ್ತದೆ, ಅಕ್ಕ ಟ್ಯಾಕ್ಸಿಯಲ್ಲಿ ಹಾಯಾಗಿ ಓಡಾಡುತ್ತಾಳೆ ಎಂದುಕೊಂಡಿದ್ದೆ.

ಅಕ್ಕ ಶಾಂತಳಿಗೆ ಹೋದ ವರ್ಷ ಬೆನ್ನಿನ ಆಪರೇಷನ್ ಆಗಿತ್ತು. ವಾರಕ್ಕೆರಡು ಸಲ ಸಾಂತಾಕ್ರೂಜ್‌ಗೆ ವ್ಯಾಯಾಮದ ಚಿಕಿತ್ಸೆಗೆ ಹೋಗಬೇಕು. ಗಂಡನ ಕಾರನ್ನು ಬಿಟ್ಟು ಬೇರೇನನ್ನೂ ಹತ್ತುವುದಿಲ್ಲ ಎಂದು ಅವಳ ಹಟ. ಕಾರು ಕೆಟ್ಟು ಹದಿನೈದು ದಿನವಾಗಿತ್ತು. ಚಿಕಿತ್ಸೆಯೂ ಅಂದಿನಿಂದ ನಿಂತಿತ್ತು.

ಬೆಳಿಗ್ಗೆ ದಾದರ್‌ನಲ್ಲಿ ರೈಲಿನಿಂದ ಇಳಿಯುವಾಗ ಎದುರು ಸೀಟಿನ ಬಾಗಲಕೋಟೆಯ ಯಜಮಾನರು ಚೀಲ ಎತ್ತಿ ಕೊಡಲು ಹೋಗಿ ಉಸ್ಸೆಂದರು. "ಏನ್ರೀ ಅಕ್ಕಾರ, ರೊಟ್ಟಿ ಇಷ್ಟ್ ಭಾರ?"

"ಹಿಟ್ಟು ಸ್ವಲ್ಪ ಗಟ್ಟಿ ಆತ್ರಿ," ಎಂದೆ.

ದಾದರ್‌ನಿಂದ ಸಯನ್‌ಗೆ ಲೋಕಲ್ ಟಿಕೆಟ್ ಐದೇ ರೂಪಾಯಿ. ಸ್ಟೇಷನ್ನಿನಿಂದ ಮನೆಗೆ ನಡೆದು ಹೋಗುವಷ್ಟರಲ್ಲಿ ಅಕ್ಟೋಬರ್ ಬಿಸಿಲಿಗೆ ಬೆವರಿ ತೊಪ್ಪೆಯಾಗಿದ್ದೆ. ಬಿಲ್ಡಿಂಗಿನ ಕೆಳಗೆ ಭಾವ ಬಸವಂತಪ್ಪ ಕಾರನ್ನು ಒರೆಸುತ್ತ ನಿಂತಿದ್ದರು. ಕೆಟ್ಟು ನಿಂತ ಕಾರಿನ ಮುಂದೆ ಚೆಂಡುಹೂವಿನ ಮಾಲೆ ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ನಕ್ಕರೆ ಅವರು ಹೂಂ ಎಂದು ಒರೆಸುತ್ತಲೇ ಇದ್ದರು. ಫೋರ್ಟ್‌ನ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ನಿವೃತ್ತಿಯಾದಾಗ ಸಾಹೇಬರ ಹಳೆಯ ಕಾರನ್ನೇ ಕೊಂಡಿದ್ದರು.

ಮರುದಿನ ಅಕ್ಕನನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ಸಾಂತಾಕ್ರೂಜ್‌ನ ಗ್ಯಾರೇಜಿಗೆ ಹೊರಟೆವು. ಎರಡನೇ ಗೇರು ಹಾಕಿದರೆ ಟಕ್ಕೆಂದು ಹೊರಗೆ ಹಾರುತ್ತಿತ್ತು. ಹೀಗಾಗಿ ಒಂದರಿಂದ ನೇರ ಮೂರಕ್ಕೆ. ಪ್ರತಿ ಸಿಗ್ನಲ್ಲಿನಲ್ಲಿ ಕಾರು ಗಡಗಡ ನಡುಗುತ್ತಿತ್ತು, ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಎಂಟು ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು.

ಮೆಕ್ಯಾನಿಕ್ ವಾಸಣ್ಣ ಕಾರ್ಕಳದ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಬಂದು ಗ್ಯಾರೇಜಿಗೆ ಹಾರಿದವರಂತೆ. ಗೇರ್‌ಬಾಕ್ಸ್ ಇಳಿಸಿ ಎಣ್ಣೆಯನ್ನು ತಟ್ಟೆಗೆ ಬಿಟ್ಟರು. ಎಣ್ಣೆಯ ತುಂಬ ಲೋಹದ ಪುಡಿ ಮಿನುಗುತ್ತಿತ್ತು. ಚಕ್ರಗಳನ್ನು ಒಂದೊಂದಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಮೂರು, ನಾಲ್ಕು ಹೊಸತರ ಹಾಗೆ ಉಂಟು. ಎರಡರದ್ದಕ್ಕೆ ಮಾತ್ರ ಹಲ್ಲೇ ಇಲ್ಲ ಮಾರಾಯ್ರೆ. ಯಾವಾಗಲೂ ಎರಡರಲ್ಲೇ ನಿಧಾನ ಹೋಗಲಿಕ್ಕೆ ಇದರಲ್ಲಿ ಗ್ಲಾಸ್ ಸಾಗಿಸ್ತೀರಾ ಎಂತ?"

"ಹೆಂಡತೀನ್ನ ಕೂಡಿಸ್ಕೊಂಡು ಹೋಗ್ತೀನ್ರಿ," ಎಂದರು ಭಾವ.

ವಾಸಣ್ಣ ಆಮೇಲೆ ಕವೆಯಂಥ ಒಂದು ತುಂಡನ್ನು ತೆಗೆದು ತೋರಿಸಿದರು. ಗೇರನ್ನು ಅದರ ಜಾಗಕ್ಕೆ ತಳ್ಳುವ ಫೋರ್ಕ್ ಅದು. ಒಂದು ಬದಿ ಪೂರ್ತಿ ಸವೆದಿತ್ತು. "ಗೇರಿನ ಮೇಲೆ ಕೈ ಒತ್ತಿ ಇಟ್ಟೇ ಓಡಿಸಿದ್ದೀರಿ. ಮೂವತ್ತು ವರ್ಷದ ಡ್ರೈವರ್ ಮಾಡುವ ಕೆಲಸವಾ ಇದು?"

ಭಾವ ತಲೆ ತಗ್ಗಿಸಿದರು. "ತಪ್ಪು ಅಂತ ಗೊತ್ತದರಿ. ಆದರ ಕೈ ಬಿಟ್ರ ಗೇರ್ ಹಾರತಿತ್ತು. ಹಾರಿದ್ರ ಝಟಕಾ. ಆಕಿ ಬೆನ್ನಿಗೆ ಬಡೀತದ."

"ನೀವು ಹಿಡಿದದ್ದಕ್ಕೇ ಅದು ಮತ್ತೂ ಸವೆದದ್ದು," ಎಂದರು ವಾಸಣ್ಣ. ಈಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ನನಗೆ ನಾಚಿಕೆಯಾಯಿತು. ಚೀಲದಿಂದ ಚಕ್ರ ತೆಗೆದು ಕೊಡುವಾಗ, ಇದು ಹೊಂದಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೊಂದಿತು. ಫೋರ್ಕ್ ಮಾತ್ರ ಎಲ್ಲೂ ಸಿಗುವಂತಿರಲಿಲ್ಲ. ವಾಸಣ್ಣ ಸವೆದ ಬದಿಗೆ ಹಿತ್ತಾಳೆ ಕರಗಿಸಿ ತುಂಬಿ, ಅರದಿಂದ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ, ಸಂಜೆ ಐದಕ್ಕೆ ಮುಗಿಸಿದರು. ಹೊಸ ಗೇರ್ ಎಣ್ಣೆ ಹಾಕಿ, "ಇನ್ನು ಕೈ ಸ್ಟಿಯರಿಂಗ್ ಮೇಲೆ. ಆರು ತಿಂಗಳಿಗೊಮ್ಮೆ ಎಣ್ಣೆ ನೋಡಿಸಿ," ಎಂದು ಕಳಿಸಿದರು. ಎರಡನೇ ಗೇರು ಅಲುಗಾಡದೆ ನಿಂತಿತು.

ಮೂರನೇ ದಿನ ಅಕ್ಕನೊಂದಿಗೆ ಮತ್ತೆ ಅದೇ ದಾರಿ. ಹಿಂದಿನ ಸೀಟಿನಲ್ಲಿ ಕೂತು ನಾನು ಬೆರಗಾದೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲದ ಭಾವ ದಾರಿಯುದ್ದಕ್ಕೂ ಮಾತಾಡಿದರು. ಆ ಟವರ್ ಇದ್ದಲ್ಲಿ ಮೊದಲು ಸಾಲುಮನೆಗಳ ಚಾಳ್ ಇತ್ತು, ಈ ತಿರುವಿನಲ್ಲಿ ಒಂದು ಮಳೆಗಾಲ ಸಾಹೇಬರ ಕಾರು ಮುಳುಗಿತ್ತು, ಹೀಗೆ. ಕಾರಿಗೆ ಮೂರನೇ ಗೇರು ಇದೆ ಎಂಬುದನ್ನೇ ಅವರು ಮರೆತಂತಿತ್ತು.

ಚಿಕಿತ್ಸೆ ಮುಗಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಭಾವ ಕಾರು ತರಲು ಹೋದರು. ಅಕ್ಕ ಬೆಂಚಿನಿಂದ ಕೈ ಊರದೆ, ಸರಕ್ಕನೆ ಎದ್ದಳು. ನಾನು ನೋಡಿಬಿಟ್ಟೆ.

"ಅಕ್ಕಾ, ಬೆನ್ನು?"

"ಎರಡು ತಿಂಗಳಾತು, ನೋಯಂಗಿಲ್ಲ."

"ಮತ್ತ ಲೋಕಲ್ ಹತ್ತಾಕ ಏನಾಗಿತ್ತು? ಅಷ್ಟು ಕಬ್ಬಿಣ ಹೊತ್ತು ತಂದೀನಿ ನಾನು!"

"ಸಿಟ್ಟಿಗೇಳಬ್ಯಾಡ. ಮೂವತ್ತು ವರ್ಷ ಇವರು ಊರ ಮಂದೀನ್ನ ಕೂಡಿಸ್ಕೊಂಡು ಅಡ್ಡಾಡಿದ್ರು. ನನ್ನ ಕೂಡ ಮಾತಾಡಾಕ ಹೊತ್ತಽ ಇರಲಿಲ್ಲ. ಈಗೂ ಗಾಡ್ಯಾಗ ಕುಂತಾಗಷ್ಟ ಮಾತಾಡ್ತಾರ. ಆರಾಮ ಆತು ಅಂದ್ರ ಅದೂ ಮುಗೀತು. ಅವರಿಗೆ ಹೇಳಬ್ಯಾಡ."

ನಾನು ಹೂಂ ಎಂದೆ. ಆದರೆ ನನ್ನ ಬಾಯಿ ನನಗೆ ಗೊತ್ತು.

ಮರುದಿನ ಸಂಜೆ ಇಬ್ಬರೂ ನನ್ನನ್ನು ದಾದರ್‌ಗೆ ಬಿಡಲು ಬಂದರು. ಅಕ್ಕ ಕಾರಿನಲ್ಲೇ ಕೂತಳು. ಭಾವ ಚೀಲ ಹಿಡಿದು ಸ್ಟೇಷನ್ನಿನ ಮೆಟ್ಟಿಲವರೆಗೆ ಬಂದರು. ಅಲ್ಲಿ ನನಗೆ ತಡೆಯಲಾಗಲಿಲ್ಲ.

"ಭಾವ, ಅಕ್ಕನ ಬೆನ್ನು ಆರಾಮ ಆಗೇದ. ಎರಡು ತಿಂಗಳಾತಂತ. ಗಾಡ್ಯಾಗ ನಿಮ್ಮ ಮಾತು ಕೇಳಬೇಕಂತ ಹೇಳದ ಸುಮ್ಮನದಾಳ."

ಅವರು ಚೀಲ ಕೆಳಗಿಟ್ಟರು. ಕಾರಿನ ಕಡೆ ತಿರುಗಿ ನೋಡಿದರು. "ಹಂಗಾರ ಆಸ್ಪತ್ರಿಗೇ ಹೋಗಬೇಕಂತೇನಿಲ್ಲ," ಎಂದರು.

ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಭಾವ ಕಾರಿಗೆ ಮರಳಿ ಏನೋ ಹೇಳಿದರು, ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಾರು ಸಯನ್ ಕಡೆ ತಿರುಗಲಿಲ್ಲ. ಸೇತುವೆ ಹತ್ತಿ, ಎಲ್ಲರಿಂದಲೂ ಹಾರ್ನ್ ಹೊಡೆಸಿಕೊಳ್ಳುತ್ತ, ನಿಧಾನವಾಗಿ ಸಮುದ್ರದ ಕಡೆ ಹೋಯಿತು.