ದೋಣಿಮನೆಯ ಹಲಗೆಯ ಮೇಲೊಂದು ಹೆಸರು

ನಮ್ಮ ಹಾರ್ಲೆಮೌತ್ ದೋಣಿಮನೆಯ ಗೋಡೆಯ ಮೇಲೊಂದು ಕರಿ ಹಲಗೆಯಿದೆ. ಯಾವ ವರ್ಷ ಯಾವ ಹಡಗು ಬಂಡೆಗೆ ಬಡಿಯಿತು, ಊರಿನವರು ದೋಣಿ ಹತ್ತಿ ಹೋಗಿ ಎಷ್ಟು ಜೀವ ಉಳಿಸಿದರು, ಎಲ್ಲವೂ ಬಂಗಾರದ ಬಣ್ಣದ ಅಕ್ಷರಗಳಲ್ಲಿದೆ. ಬರೆದವನು ನಾನೇ, ನನಗಿಂತ ಮುಂಚೆ ನಮ್ಮಪ್ಪ. ಹಾಗಾಗಿ ಈ ಊರಿನ ಇತಿಹಾಸದಲ್ಲಿರುವ ಸುಳ್ಳುಗಳಿಗೆಲ್ಲ ನಮ್ಮ ಮನೆತನದ ಕುಂಚವೇ ಹೊಣೆ.

ಹಲಗೆಯ ನೆತ್ತಿಯಲ್ಲೇ 'ನಿಷ್ಠಾವಂತೆ ಬ್ಲಾಸಮ್' ಎಂದಿದೆ. ಬ್ಲಾಸಮ್ ಎಂದರೆ ಮೇಜರ್ ಸಾಹೇಬರ ಹೆಣ್ಣುಕುದುರೆ. ಸಾಹೇಬರು ದೋಣಿ ಸಮಿತಿಯ ಅಧ್ಯಕ್ಷರು. ಸಮುದ್ರ ಕಂಡರೇ ಅವರಿಗೆ ಹೊಟ್ಟೆ ತೊಳಸುತ್ತದೆ. ದೋಣಿಯನ್ನು ಗಾಲಿಬಂಡಿಯ ಮೇಲಿಟ್ಟು ನೀರಿನವರೆಗೆ ಎಳೆಯಲು ತಮ್ಮ ಕುದುರೆಯನ್ನು ದಾನವಾಗಿ ಕೊಟ್ಟರು. ನಾಲ್ಕು ಚಳಿಗಾಲ ಅದು ಎಳೆಯಿತು. ಐದನೆಯದರಲ್ಲಿ ಒಂದು ಅಲೆ ಮೂತಿಗೆ ಬಡಿದದ್ದೇ ತಡ, ಹಗ್ಗ ಕಿತ್ತುಕೊಂಡು ಚರ್ಚಿನ ಹೂದೋಟಕ್ಕೆ ಓಡಿತು. ಮತ್ತೆ ಮರಳಿನ ಮೇಲೆ ಕಾಲಿಡಲಿಲ್ಲ.

ಉಳಿದ ಅಷ್ಟೂ ವರ್ಷ ಎಳೆದವರು ಹೆಂಗಸರು. ಗಂಡಸರು ಒಣಬಟ್ಟೆಯಲ್ಲಿ ದೋಣಿಯೊಳಗೆ ಕೂರಬೇಕು, ಹೆಂಗಸರು ಎದೆಮಟ್ಟದ ನೀರಿಗಿಳಿದು ದೂಡಬೇಕು. ಮುಂದಿನ ಹಗ್ಗ ಯಾವಾಗಲೂ ಡೋರ್ಕಸಕ್ಕನದು. ಮೀನು ಮಾರುವ ಡೋರ್ಕಸ್ ಸ್ಟ್ರೇಕರ್ ಹದಿನಾರನೇ ವಯಸ್ಸಿಗೆ ಹಿಡಿದ ಹಗ್ಗವನ್ನು ಐವತ್ತೆಂಟಾದರೂ ಬಿಟ್ಟಿರಲಿಲ್ಲ. ಒಮ್ಮೆ ಬಂಡಿಯ ಗಾಲಿ ಅವಳ ಎಡಗೈ ಮೇಲೆ ಹರಿಯಿತು. "ಮೊದ್ಲು ದೋಣಿ ಹೋಗ್ಲಿ, ಬೆರಳೇನು ಎಲ್ಲಿಗೂ ಹೋಗಲ್ಲ" ಎಂದಳು. ಎರಡು ಬೆರಳು ಹೋದವು.

ಅವಳ ಗಂಡ ಕತ್ಬರ್ಟ್ ಮಹಾ ಸೂಕ್ಷ್ಮ ದೇಹದವನು. ಹಡಗು ಅಪಾಯದಲ್ಲಿದೆ ಎಂದು ಸಿಡಿಮದ್ದು ಹಾರಿಸಿದರೆ ಸಾಕು, ಅವನಿಗೆ ಹೊಟ್ಟೆನೋವು. ಹಡಗಿನವರೆಲ್ಲ ದಡ ಸೇರಿದ ಮೇಲೆ ಅದು ತಾನಾಗಿ ಇಳಿಯುತ್ತಿತ್ತು. ಆಮೇಲೆ ಬಿಯರ್ ಅಂಗಡಿಯಲ್ಲಿ "ನಾವು ಹೋಗಿದ್ವಿ ನೋಡಿ" ಎಂದು ಶುರುಮಾಡುತ್ತಿದ್ದ.

ದೋಣಿಮನೆಗೆ ಎಪ್ಪತ್ತೈದು ತುಂಬಿದ ವರ್ಷ ಡೋರ್ಕಸಕ್ಕ ನನ್ನ ಬಳಿ ಬಂದಳು.

"ಲೋ ಎಡ್ವಿನ್, ಹಲಗೆ ಮೇಲೆ ನನ್ನ ಹೆಸರು ಬರಿಯೋ. ಬದುಕಿರುವಾಗ್ಲೇ ಒಂದ್ಸಲ ಓದ್ಬೇಕು."

"ನನ್ನ ಕೈಲೇನಿದೆ ಅಕ್ಕಾ? ಸಮಿತಿ ಹೇಳಿದ್ದನ್ನ ಬರಿಯೋನು ನಾನು."

"ಕೈಲಿ ಕುಂಚ ಇದೆಯಲ್ಲೋ!"

ನಾನು ನಕ್ಕುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಪ್ಪತ್ತೈದರ ಹಬ್ಬದ ದಿನ ಬಿಷಪ್ಪರು ಬಂದರು, ಬ್ಯಾಂಡು ಬಂತು. ಬಂಡಿಯ ಮೇಲಿನ ದೋಣಿಯಲ್ಲಿ ಎಂಟು ಜನ ವೀರರು ಮೀಸೆ ತಿರುವಿಕೊಂಡು ಕೂತರು. ಮೇಜರ್ ಸಾಹೇಬರು ಕರವಸ್ತ್ರ ಬೀಸಿದರು. ಬಂಡಿ ಅಲ್ಲಾಡಲಿಲ್ಲ. ಹಗ್ಗ ಮರಳಿನ ಮೇಲೆ ಬಿದ್ದಿತ್ತು, ಹೆಂಗಸರು ಕೈಕಟ್ಟಿ ನಿಂತಿದ್ದರು.

"ಏನಮ್ಮಾ ಇದು? ಎಳೀರಿ!"

"ಹಲಗೆ ಮೇಲೆ ಹೆಸರಿರೋರು ಎಳೀಲಿ ಸಾಹೇಬ್ರೇ," ಎಂದಳು ಡೋರ್ಕಸಕ್ಕ. "ಬ್ಲಾಸಮ್‌ನ ಕರೀರಿ."

"ಅದು ಸತ್ತು ಇಪ್ಪತ್ತು ವರ್ಷ ಆಯ್ತಲ್ಲಮ್ಮಾ!"

"ಬದುಕಿದ್ದಾಗ್ಲೂ ಇಷ್ಟೇ ಎಳೀತಿತ್ತು ಬಿಡಿ."

ಬ್ಯಾಂಡಿನವನೊಬ್ಬ ತುತ್ತೂರಿಯೊಳಗೇ ನಕ್ಕುಬಿಟ್ಟ. ಬಿಷಪ್ಪರು ಕೆಮ್ಮಿದರು. ಮೇಜರ್ ಸಾಹೇಬರ ಮುಖ ಹುಳ್ಳಗಾಯಿತು. "ಆಯ್ತಮ್ಮಾ, ಆಯ್ತು! ಬರೆಸ್ತೀನಿ! ಬಿಷಪ್ಪರೇ ಸಾಕ್ಷಿ!"

ಡೋರ್ಕಸಕ್ಕ ಅಂಗೈಗೆ ಉಗುಳಿಕೊಂಡು ಹಗ್ಗ ಹಿಡಿದಳು. ವೀರರು ತೇಲಿದರು.

ಹಲಗೆಯ ಮೇಲೆ ಏನು ಬರೆಯಬೇಕೆಂದು ಮರುವಾರ ಸಮಿತಿಯ ಚೀಟಿ ಬಂತು. ಓದಿ ನನಗೆ ರೇಗಿತು. ಕೈ ಕೆಸರಾದರೆ ಬಾಯಿ ಮೊಸರಂತೆ! ಈ ಊರಿನಲ್ಲಿ ಕೆಸರು ಒಬ್ಬರಿಗೆ, ಮೊಸರು ಇನ್ನೊಬ್ಬರಿಗೆ. ಆದರೂ ಚೀಟಿಯಲ್ಲಿದ್ದಂತೆಯೇ ಬರೆದೆ, ಬಂಗಾರದ ಬಣ್ಣದಲ್ಲಿ, ಅಕ್ಷರ ದುಂಡಗೆ. ಹೇಡಿ ನಾನು.

ಡೋರ್ಕಸಕ್ಕ ಮೀನಿನ ಬುಟ್ಟಿ ಕೆಳಗಿಟ್ಟು ಬಂದು, ಉಳಿದ ಮೂರು ಬೆರಳನ್ನು ಅಕ್ಷರದ ಕೆಳಗೆ ಹರಿಸುತ್ತ ನಿಧಾನವಾಗಿ ಓದಿದಳು.

"ಮಿಸೆಸ್... ಕತ್ಬರ್ಟ್... ಸ್ಟ್ರೇಕರ್. ಮತ್ತು ಇತರರು."

ಇನ್ನೊಮ್ಮೆ ಓದಿದಳು. ಬೆರಳು 'ಕತ್ಬರ್ಟ್' ಮೇಲೆ ನಿಂತಿತು.

"ಕಾಲು ಒದ್ದೆ ಮಾಡ್ಕೊಳ್ದೇನೇ ಹಲಗೆ ಹತ್ತಿ ಕೂತ್ಬಿಟ್ನಲ್ಲೋ ಇವ್ನು!"

"ದೊಡ್ಡ ಮನೆಯೋರು ಹೆಂಗಸರ ಹೆಸರು ಹೀಗೇ ಬರೆಯೋದಂತೆ ಅಕ್ಕಾ," ನಾನು ತೊದಲಿದೆ. "ಗಂಡನ ಹೆಸರಿಂದ. ಅದು ಮರ್ಯಾದೆಯಂತೆ."

ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ, ಹಲಗೆಯ ನೆತ್ತಿಯನ್ನು ನೋಡಿದಳು.

"ಹಾಗಾದ್ರೆ ಬ್ಲಾಸಮ್‌ ಗಂಡನ ಹೆಸರೇನಿತ್ತೋ, ಎಡ್ವಿನ್?"