ಒಡ್ಡಿನ ಕೆಳಗಿರುವವರು

ಗರಗದ ಹತ್ತಿರ ನಮ್ಮ ಹೊಲದ ಹಳ್ಳಕ್ಕೆ ಒಡ್ಡು ಕಟ್ಟಿಸಿದವರು ಅಪ್ಪ. ಸಾಯುವ ಮುಂಚೆ, ‘ನನ್ನ ಅದರ ಮ್ಯಾಲ ಕುಂದರಸ್ರಿ, ನೀರು ಕಾಯ್ತೇನಿ’ ಅಂದಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುವುದು. ಹಾಗಾಗಿ ಒಡ್ಡಿನ ಮೇಲೇ ಗುಂಡಿ ತೋಡಿ, ಗದ್ದುಗೆ ಕಟ್ಟಿ, ಪಕ್ಕದಲ್ಲಿ ಬಿಲ್ವಪತ್ರಿ ಗಿಡ ನೆಟ್ಟೆವು. ಗುಂಡಿ ತೋಡಲು ಮುಂದೆ ನಿಂತವರು ಅಪ್ಪನ ದೋಸ್ತ, ಟ್ರ್ಯಾಕ್ಟರ್ ರಿಪೇರಿ ಮಾಡುವ ಚಾಚಾ. ಒಡ್ಡಿನ ಕೆಳಗೆ ಅವರಿಗೆ ಮನೆ ಕಟ್ಟಲು ಜಾಗ ಕೊಟ್ಟವರೂ ಅಪ್ಪನೇ.

ಹೋದ ಬೇಸಿಗೆಯಲ್ಲಿ ಖಾಸಗಿ ಒಡ್ಡುಗಳ ತಪಾಸಣೆಗೆಂದು ಎಂಜಿನಿಯರ್ ಹುಡುಗಿಯೊಬ್ಬಳು ಬಂದಳು. ಎಲ್ಲ ನೋಡಿ, ‘ಇದು ಹೆಚ್ಚಿನ ಅಪಾಯದ ವರ್ಗಕ್ಕ ಬರ್ತೈತ್ರಿ’ ಅಂದಳು. ನನಗೆ ಮೈ ಉರಿಯಿತು. ಎಂಥೆಂಥ ಮಳೆ ಕಂಡ ಒಡ್ಡು ಅದು! ‘ನಮ್ಮಪ್ಪನ ಕೆಲಸದಾಗ ಏನ ಹುಳುಕ ಕಂಡ್ರಿ?’ ಎಂದು ಜಗಳಕ್ಕೇ ನಿಂತೆ.

‘ಒಡ್ಡು ಗಟ್ಟಿ ಐತ್ರಿ ಅಕ್ಕಾರ. ವರ್ಗ ಗಟ್ಟಿತನ ನೋಡಿ ಕೊಡೂದಲ್ಲ. ಒಡದ್ರ ಕೆಳಗ ಯಾರದಾರ ಅಂತ ನೋಡಿ ಕೊಡೂದು.’

ಕೆಳಗೆ ಚಾಚಾ ಮನೆಯ ಹಗ್ಗದ ಮೇಲೆ ಮೊಮ್ಮಗಳ ಬಟ್ಟೆಗಳು ಒಣಗುತ್ತಿದ್ದವು. ಆಮೇಲೆ ಅವಳು ಗದ್ದುಗೆಯ ನೇರಕ್ಕೆ, ಒಡ್ಡಿನ ಹೊರಮೈಯಲ್ಲಿ ಮಣ್ಣು ಹಸಿಯಾಗಿದ್ದುದನ್ನು ತೋರಿಸಿದಳು. ತೋಡಿ ಮುಚ್ಚಿದ ಸಡಿಲ ಮಣ್ಣಿನೊಳಗೆ ಪತ್ರಿ ಗಿಡದ ಬೇರು ಹಾಯ್ದು, ಬೇರಿನ ಗುಂಟ ನೀರು ದಾರಿ ಮಾಡಿಕೊಂಡಿತ್ತು. ಗಿಡ, ಗದ್ದುಗೆ ಎರಡನ್ನೂ ತೆಗೆದು ಒಡ್ಡನ್ನು ಬಿಗಿ ಮಾಡಬೇಕು. ಇಲ್ಲವೇ ಕೆಳಗಿನವರು ಜಾಗ ಬಿಡಬೇಕು. ಕಾಯುತ್ತೇನೆ ಎಂದಿದ್ದ ಅಪ್ಪನೇ ಅಪಾಯವಾಗಿ ಕುಳಿತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಸುದ್ದಿ ಕೇಳಿ ಸಂಜೆ ಚಾಚಾನೇ ಅವ್ವನ ಹತ್ತಿರ ಬಂದರು. ‘ವೈನಿ, ಗದ್ದಗಿ ಮುಟ್ಟಬ್ಯಾಡ್ರಿ. ನಾವ ಗಬ್ಬೂರಿಗೆ ತಮ್ಮನ ಮನಿಗೆ ಹೋಗ್ತೇವಿ.’

ಅವ್ವ ಅವರಿಗೆ ಚಹಾ ಕೊಟ್ಟಳು. ‘ನೀ ಎಲ್ಲಿ ಹೋಗ್ತಿ ತಮ್ಮಾ? ಕರದು ಜಾಗಾ ಕೊಟ್ಟವರು ಅವರು. ಅವರ ಏಳ್ತಾರ ತಗೋ.’

ಪೂಜೆಗೆ ಅಯ್ಯನವರನ್ನು ಕರೆಸಿ ಒಂದು ಸೋಮವಾರ ಗದ್ದುಗೆ ತೆಗೆಸಿದೆವು. ಗಿಡಕ್ಕೆ ಕೊಡಲಿ ಹಾಕಲು ಚಾಚಾನ ಕೈ ಏಳಲಿಲ್ಲ, ನಾನೇ ಹಾಕಿದೆ. ಉಳಿದಿದ್ದ ಎಲುಬುಗಳನ್ನು ಅವ್ವ ಬಿಳಿ ಖಾದಿಯಲ್ಲಿ ಕಟ್ಟಿಕೊಂಡಳು. ನಾನು ದಿಬ್ಬದ ಮೇಲಿನ ಹೊಲ ತೋರಿಸಿದೆ, ನೀರು ಎಂದೂ ಏರದ ಜಾಗ. ಅವ್ವ ಅತ್ತ ನೋಡಲೂ ಇಲ್ಲ. ಒಡ್ಡು ಇಳಿದು, ಚಾಚಾ ಮನೆಯ ಪಕ್ಕ ನಿಂತು, ‘ಇಲ್ಲೇ ತೋಡ್ರಿ’ ಅಂದಳು.

‘ಅವ್ವಾ, ಒಡ್ಡು ಒಡದ್ರ ನೀರು ಮೊದಲ ಇಲ್ಲೇ ಬರ್ತೈತಿ.’

‘ಗೊತ್ತೈತಿ. ಇನ್ನ ಮ್ಯಾಲೆ ಕೆಳಗ ನಿಮ್ಮಪ್ಪಾರೂ ಅದಾರ. ಒಡ್ಡು ಛಲೋತ್ನಾಗಿ ನೋಡ್ಕೋ.’