ಟಣ್ ಯೋಗರಾಜ

ಭದ್ರಾವತಿ ರಸ್ತೆಯ ಪಕ್ಕದಲ್ಲಿ ತುಕ್ಕು ಹಿಡಿದು ಮಲಗಿರುವ ದೊಡ್ಡ ನೀರಿನ ಪೈಪಿನ ಗಟ್ಟಿತನ ಪರೀಕ್ಷಿಸಲು ಬರುವ ಇಂಜಿನಿಯರ್ ಯೋಗರಾಜನಿಗೆ ಪೈಪೂ ಒಂದೇ, ತೆಂಗಿನಕಾಯಿಯೂ ಒಂದೇ. ಸುತ್ತಿಗೆಯಿಂದ ಟಣ್ಣೆಂದು ತಟ್ಟಿ, ಕಿವಿಯಿಟ್ಟು, ಕಣ್ಣು ಮುಚ್ಚಿ, "ಗಟ್ಟಿ ಇದೆ ಮಾರಾಯ, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ" ಎನ್ನುತ್ತಾನೆ. ಪೈಪಿನ ದಪ್ಪ ಅಳೆಯುವ ಯಂತ್ರ ಜೀಪಿನಲ್ಲಿ ಟವೆಲ್ ಹೊದ್ದು ಮಲಗಿರುತ್ತದೆ. ಅದಕ್ಕೆ ಬಿಸಿಲು ಆಗಿಬರುವುದಿಲ್ಲವಂತೆ. ತುಕ್ಕು ಕಂಡಲ್ಲಿ ಪೇಂಟ್ ಬಳಿಸಿ, "ಬರೀ ಚರ್ಮದ ಕಾಯಿಲೆ" ಎಂದು ಸಮಾಧಾನ ಹೇಳುತ್ತಾನೆ. ಒಂದು ದಿನ ಮಲವಗೊಪ್ಪದಲ್ಲಿ, ಪೈಪಿಗೆ ಒರಗಿಸಿ ಕಟ್ಟಿದ ಗೂಡಂಗಡಿಯ ಉಚ್ಚಂಗಮ್ಮ ಟೀ ಕೊಡುತ್ತಾ, ತನ್ನ ಬೆನ್ನ ಹಿಂದೆ ಏಳುತ್ತಿದ್ದ ತುಕ್ಕಿನ ಹಕ್ಕಳೆ ತೋರಿಸಿ, "ಸಾರ್, ಇಲ್ಲೊಂಚೂರು ತಟ್ಟಿ ನೋಡಿ" ಎಂದಳು. ಎತ್ತಿದ ಸುತ್ತಿಗೆಯನ್ನು ಯೋಗರಾಜ ಥಟ್ಟನೆ ಇಳಿಸಿದ. "ಅಯ್ಯೋ, ಅಲ್ಲಿ ಬೇಡಮ್ಮ, ತೂತು ಬಿದ್ದೀತು!" ಪೈಪು ಈಗಲೂ ಗಟ್ಟಿಯೇ ಎನ್ನುತ್ತಾನೆ, ಅವಳ ಟೀಯನ್ನು ಮಾತ್ರ ರಸ್ತೆಯ ಆಚೆಗೆ ತರಿಸಿಕೊಂಡು ಕುಡಿಯುತ್ತಾನೆ.